ನನ್ನ ಕಾಲು, ತಮ್ಮನ ಎದೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಸೂಲಗಿತ್ತಿ ಮೊದಲು ಕಂಡದ್ದು ನನ್ನ ತಲೆಯನ್ನಲ್ಲ, ಪಾದಗಳನ್ನು. ನಮ್ಮ ಕುಂದಗೋಳ ಸೀಮೆಯಲ್ಲಿ ಹಾಗೆ ಹುಟ್ಟಿದವರಿಗೆ ಒಂದು ಕೆಲಸ ಅಂದೇ ಕಾಯಂ ಆಗಿಬಿಡುತ್ತದೆ. ಸೊಂಟ ಹಿಡಿದವರು, ಬೆನ್ನು ಉಳುಕಿದವರು, ಪಕ್ಕೆಯಲ್ಲಿ ಚಳಕು ಹೊಡೆದು ಉಸಿರು ಎಳೆಯಲಾರದವರು ಬೆಳಿಗ್ಗೆ ಬಂದು ಮಲಗುತ್ತಾರೆ. ನೋವಿದ್ದ ಜಾಗದ ಮೇಲೆ ಬಲಗಾಲಿಟ್ಟು ಮೆಲ್ಲಗೆ ನೀವಬೇಕು. ದುಡ್ಡು ಮುಟ್ಟಬಾರದು. ದೊಡ್ಡವರಿಗೆ ಕಾಲು ತಗುಲಿಸಿದ್ದಕ್ಕೆ ಆಮೇಲೆ ಅವರ ಪಾದ ಮುಟ್ಟಿ ನಮಸ್ಕಾರ ಮಾಡಬೇಕು.

ನಾನಿನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಊರಿನ ಸಾವಕಾರರೊಬ್ಬರು ರುಮಾಲು ತೆಗೆದಿಟ್ಟು ನಮ್ಮ ಪಡಸಾಲೆಯಲ್ಲಿ ಬೋರಲು ಮಲಗಿದ್ದು ನೆನಪಿದೆ. ಅವರೆದುರು ಊರೆಲ್ಲ ಚಪ್ಪಲಿ ಬಿಟ್ಟು ನಿಲ್ಲುತ್ತಿತ್ತು. ನಾನು ಅವರ ಬೆನ್ನ ಮೇಲೆ ಕಾಲಿಟ್ಟು ನಿಂತಿದ್ದೆ. "ಇನ್ನಷ್ಟ ಒತ್ತ ತಂಗಿ, ಹಾಂ, ಅಲ್ಲೇ," ಅಂದರು. ನಗು ತಡೆಯಲಾಗದೆ ಗೋಡೆಯ ಕಡೆ ಮುಖ ತಿರುಗಿಸಿದೆ. ಅವ್ವ ಒಳಗಿನಿಂದ ಕಣ್ಣಲ್ಲೇ ಗದರಿಸಿದಳು. ಮರುದಿನ ಸಾವಕಾರರು ನೆಟ್ಟಗೆ ನಡೆದು ಹೊಲಕ್ಕೆ ಹೋದರು ಎಂದು ಸುದ್ದಿ ಬಂತು. ಅವರು ತಾವಾಗಿಯೇ ನೆಟ್ಟಗಾದರೋ, ನನ್ನ ಕಾಲಿನಿಂದಾದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಜನ ಬರುತ್ತಿದ್ದರು, ಅದು ಗೊತ್ತು.

ಜನ ಬರುತ್ತಿದ್ದರು ಎಂಬುದು ನನಗೆ ಎಷ್ಟು ದೊಡ್ಡದಾಗಿತ್ತೆಂದು ಆಗ ತಿಳಿದಿರಲಿಲ್ಲ. ನನಗೆ ಮದುವೆ ಆಗಲಿಲ್ಲ. ಹೆಣ್ಣು ನೋಡಲು ಬಂದವರ ಮನೆಯ ಹಿರಿಯಳೊಬ್ಬಳು ನನ್ನ ಮುಖ ಬಿಟ್ಟು ಕಾಲನ್ನೇ ನೋಡುತ್ತ ಕುಳಿತಿದ್ದಳು. ಹೊಸ್ತಿಲು ದಾಟಿ ಬರುವಾಗ ಇವಳ ಕಾಲು ಯಾರ ಮೇಲೆ ಬೀಳುತ್ತದೋ ಎಂಬ ಹೆದರಿಕೆ. ಬೆನ್ನಿಗೆ ಬೇಕಾದ ಕಾಲು ಮನೆಗೆ ಬೇಡವಾಯಿತು. ಇರಲಿ ಎಂದು ಹೊಲಿಗೆ ಯಂತ್ರ ಹಾಕಿಕೊಂಡು ಕುಳಿತೆ. ಕುಪ್ಪಸ ಹೊಲಿಸಲು ಬಂದವರು ಒಂದಿಷ್ಟು ಮಾತಾಡುತ್ತಿದ್ದರು, ಬೆನ್ನು ನೀವಿಸಿಕೊಳ್ಳಲು ಬಂದವರು ಇನ್ನೊಂದಿಷ್ಟು. ಮಲಗಿದ ಮನುಷ್ಯ ಮುಖ ನೆಲಕ್ಕೆ ಹಾಕಿಕೊಂಡಿರುತ್ತಾನಲ್ಲ, ಎದುರು ಕುಳಿತವರಿಗೆ ಹೇಳದ್ದನ್ನೆಲ್ಲ ಹೇಳುತ್ತಾನೆ. ಊರಿನ ಅರ್ಧ ಗುಟ್ಟು ನನ್ನ ಕಾಲ ಕೆಳಗೇ ಇತ್ತು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಮನೆಯಲ್ಲಿ ನಾವು ಮೂರೇ ಜನ. ಅವ್ವ, ನಾನು, ತಮ್ಮ. ಅಪ್ಪ ತೀರಿದಾಗ ತಮ್ಮ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಅವ್ವ ಹೊಲಕ್ಕೆ ಹೋದರೆ ಅವನು ನನ್ನ ಸೊಂಟದ ಮೇಲೆ. ನನ್ನ ಎಡಗಡೆಯ ಸೊಂಟ ಇವತ್ತಿಗೂ ಚೂರು ಓರೆ ಇದೆ, ಅದಕ್ಕೆ ನೀವುವವರು ಯಾರೂ ಇಲ್ಲ. ದೊಡ್ಡವನಾದ ಮೇಲೆ ಅವನು ಡಾಲ್ಬಿ ಹುಡುಗರ ಜೊತೆ ಸೇರಿಕೊಂಡ. ಮದುವೆ, ಮೆರವಣಿಗೆ, ಗಣಪತಿ ಕಳಿಸುವುದು, ಎಲ್ಲಕ್ಕೂ ಟೆಂಪೊದ ತುಂಬ ಪೆಟ್ಟಿಗೆ ಜೋಡಿಸಿ ಎದೆ ಅದುರುವಂತೆ ಹಾಡು ಹಚ್ಚುವ ಕೆಲಸ. ಕಟ್ಟುವುದು, ಬಿಚ್ಚುವುದು, ಮತ್ತೊಂದು ಊರಿಗೆ ಹೋಗಿ ಮತ್ತೆ ಕಟ್ಟುವುದು. ಮದುವೆಯ ದಿನಗಳಲ್ಲಿ ನಿದ್ದೆ ಎಂಬುದು ಆ ಹುಡುಗರಿಗೆ ಇರುತ್ತಿರಲಿಲ್ಲ.

ವಿಚಿತ್ರವೆಂದರೆ ಅವನಿಗೆ ನಿದ್ದೆ ಬೇಕಾಗಿಯೇ ಇರಲಿಲ್ಲ. ಬೆಳಿಗ್ಗೆ ಮನೆಗೆ ಬಂದವನು ಮಲಗದೆ ಟೆಂಪೊ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದ. ಸುಮ್ಮನೆ ಕುಳಿತಾಗಲೂ ಹಲ್ಲು ಕಟಕಟ ಕಡಿಯುತ್ತಿದ್ದ. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ದುಮ್ಮವಾಡದ ಕಡೆ ಅವನಿಗೊಂದು ಹೆಣ್ಣು ಗೊತ್ತು ಮಾಡಿದ್ದೆವು. ಅದರ ಗುಂಗು ಇರಬೇಕೆಂದು ನಾನು ಅಂದುಕೊಂಡೆ. ಪ್ರೀತಿ ಮಾಡಿದವರು ಹೇಗಿರುತ್ತಾರೆಂದು ನನಗೇನು ಗೊತ್ತು? ಹಲ್ಲು ಕಡಿಯುತ್ತಾರೇನೋ ಎಂದು ಬಿಟ್ಟುಬಿಟ್ಟೆ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಅವನು ಎದೆ ಹಿಡಿದುಕೊಂಡು ಬಂದ. ಮಾತು ಬದಲಾಗಿತ್ತು, ಮೂಗು ಹಿಡಿದು ಮಾತಾಡಿದಂತೆ ಕೇಳುತ್ತಿತ್ತು. ಕುತ್ತಿಗೆ ತುಸು ಊದಿದಂತಿತ್ತು.

"ಯವ್ವಾ, ಎದಿಯಾಗ ಚಳಕ ಹೊಡದೈತಿ. ಉಸಿರ ಎಳಿಯಾಕ ಬರವಲ್ತು."

"ಪೆಟಗಿ ಎತ್ತಿ ಎತ್ತಿ ಹಿಡದಿರಬೇಕು. ಲೇ, ಮಷೀನ ಬಿಟ್ಟು ಬಾರಬೇ, ತಮ್ಮಗ ಕಾಲ ಇಡು," ಎಂದು ಅವ್ವ ನನ್ನನ್ನು ಕೂಗಿದಳು.

ಅವನ ಮುಖ ನೋಡಿ ನನಗೆ ಸರಿ ಅನ್ನಿಸಲಿಲ್ಲ. "ದವಾಖಾನಿಗೆ ಹೋಗೂಣು ಬಾ," ಅಂದೆ. ಅವನು ಒಪ್ಪಲಿಲ್ಲ. "ದವಾಖಾನಿ ಬ್ಯಾಡ. ನೀನ ಕಾಲ ಇಡಬೇ ಯಕ್ಕಾ, ಬಿಡ್ತೈತಿ," ಎಂದು ತಾನೇ ಕಂಬಳಿ ಹಾಸಿಕೊಂಡ. ಅವನಿಗೆ ನನ್ನ ಕಾಲಿನ ಮೇಲೆ ಇಷ್ಟು ನಂಬಿಕೆ ಯಾವಾಗ ಹುಟ್ಟಿತು ಎಂದು ನನಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಓಣಿಯ ಇಬ್ಬರು ಮೂವರು ಹೆಂಗಸರು ಕಟ್ಟೆ ಹತ್ತಿ ನಿಂತಿದ್ದರು. ಅವನು ಗೋಡೆಗೆ ಒರಗಿ ಅರ್ಧ ಮಲಗಿದ. ನಾನು ಕಾಲು ತೊಳೆದುಕೊಂಡು ಬಂದು ಅವನ ಎದೆಯ ಮೇಲ್ಭಾಗಕ್ಕೆ, ಹೆಗಲಿನ ಮೂಳೆಯ ಹತ್ತಿರ ಪಾದ ಇಟ್ಟೆ.

ಚರ್ಮದ ಕೆಳಗೆ ಏನೋ ಚುರುಚುರು ಅಂದಿತು. ಒದ್ದೆ ಬಟ್ಟೆಯ ಕೆಳಗೆ ಚುರುಮರಿ ಇಟ್ಟು ತುಳಿದ ಹಾಗೆ. ಅಷ್ಟು ವರ್ಷ ಎಷ್ಟೋ ಮೈಗಳ ಮೇಲೆ ಕಾಲಿಟ್ಟವಳು ನಾನು. ಎಲುಬು ಲಟ್ ಅನ್ನುವುದು ಗೊತ್ತು, ನರ ಎಗರುವುದು ಗೊತ್ತು. ಇದು ಗೊತ್ತಿರಲಿಲ್ಲ. ಕಾಲು ಎಳೆದುಕೊಂಡೆ. ಅದೇ ಹೊತ್ತಿಗೆ ಅವನು "ಸತ್ತೆ ಯವ್ವಾ" ಎಂದು ಚೀರಿ ಬಾಯಿ ತೆರೆದು ಗಾಳಿಗೆ ಒದ್ದಾಡತೊಡಗಿದ. ಕಟ್ಟೆಯ ಮೇಲಿನ ಹೆಂಗಸರು ನೋಡಿದ್ದು ಇಷ್ಟೇ: ಅಕ್ಕ ಕಾಲಿಟ್ಟಳು, ತಮ್ಮ ಚೀರಿದ.

ಟಂಟಂ ರಿಕ್ಷಾ ಹಿಡಿದು ಕುಂದಗೋಳಕ್ಕೆ ಹೋದೆವು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ ಅವನ ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅವಳಿಗೂ ಆ ಚುರುಚುರು ಸಿಕ್ಕಿತು. ಮುಖ ನೋಡಿದರೆ ಗೊತ್ತಾಯಿತು. ಎದೆಯ ಫೋಟೊ ತೆಗೆಸಿ ತಂದ ಮೇಲೆ ಅವ್ವನನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಶ್ವಾಸಕೋಶದಿಂದ ಗಾಳಿ ಸೋರಿ ಎದೆಯೊಳಗೆ ಹೃದಯದ ಸುತ್ತ ಸೇರ್ಕೊಂಡಿದೆ. ಅಲ್ಲಿಂದ ಕುತ್ತಿಗೆ ಚರ್ಮದ ಕೆಳಗೆ ಬಂದಿದೆ. ಏನಾದ್ರೂ ಹೊಗೆ ಎಳೆದು ಉಸಿರು ಬಿಗಿ ಹಿಡಿದಿದ್ಯೇನಪ್ಪ? ನಿಜ ಹೇಳು."

ತಮ್ಮ ನನ್ನ ಕಡೆ ಕೈ ತೋರಿಸಿದ. "ಇಲ್ರಿ. ನಮ್ಮಕ್ಕ ಎದಿ ಮ್ಯಾಲ ಕಾಲ ಇಟ್ಟಿದ್ಲರಿ."

ನನಗೆ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಇಡು ಎಂದವನೂ ಅವನೇ, ಇಟ್ಟಳು ಎಂದವನೂ ಅವನೇ. ಡಾಕ್ಟರಮ್ಮ ನನ್ನ ಕಾಲಿನ ಕಡೆ ನೋಡಲೂ ಇಲ್ಲ. "ಕಾಲಿಡೋಕೆ ಮುಂಚೆನೇ ನೋವಿತ್ತು ತಾನೇ? ಧ್ವನಿ ಬದಲಾಗಿತ್ತು ತಾನೇ? ಇದು ಕಾಲಿಂದ ಆಗಿದ್ದಲ್ಲ. ನನಗೆ ಇದು ಮೊದಲನೇ ಹುಡುಗ ಅಲ್ಲಪ್ಪ," ಅಂದಳು. ಕೊನೆಗೆ ಅವನು ಬಾಯಿಬಿಟ್ಟ. ಡಾಲ್ಬಿಯ ಹುಡುಗರು ಹುಬ್ಬಳ್ಳಿಯಿಂದ ಬಿಳಿ ಹರಳಿನ ನಶೆ ಪುಡಿ ತರುತ್ತಿದ್ದರು. ಅದರ ಹೊಗೆ ಎಳೆದರೆ ನಿದ್ದೆ ಬರುವುದಿಲ್ಲ, ಹಸಿವಾಗುವುದಿಲ್ಲ, ಪೆಟ್ಟಿಗೆ ಭಾರ ಅನ್ನಿಸುವುದಿಲ್ಲ. ಹೊಗೆಯನ್ನು ಎದೆಯಲ್ಲಿ ಯಾರು ಹೆಚ್ಚು ಹೊತ್ತು ಹಿಡಿದಿಡುತ್ತಾರೆ ಎಂದು ತಮ್ಮತಮ್ಮಲ್ಲೇ ಪಂದ್ಯ ಬೇರೆ.

"ಈ ಸಲ ಗಾಳಿ ತಾನಾಗೇ ಕರಗುತ್ತೆ. ಇನ್ನೊಂದ್ಸಲ ಏನಾಗುತ್ತೋ ಹೇಳಕ್ಕಾಗಲ್ಲ. ಅದು ಹೃದಯನೂ ಬಿಡಲ್ಲ. ನಿನ್ನ ವಯಸ್ಸಿನವರು ಎದೆ ಹಿಡ್ಕೊಂಡು ಬಂದು ವಾಪಸ್ ಹೋಗದೆ ಇದ್ದಿದ್ದು ನೋಡಿದೀನಿ," ಎಂದು ಡಾಕ್ಟರಮ್ಮ ಹೇಳಿದಳು. ಚಟ ಬಿಡಿಸುವ ಕೇಂದ್ರ ಧಾರವಾಡದಲ್ಲಿದೆ, ಬೇಕಾದರೆ ಬರೆದುಕೊಡುತ್ತೇನೆ ಅಂದಳು. ತಮ್ಮ ಬೇಡ ಅಂದ, ತಾನೇ ಬಿಡುತ್ತೇನೆ ಅಂದ.

ಡಾಕ್ಟರಮ್ಮ ಹೋದ ಮೇಲೆ ನನ್ನ ಕೈ ಹಿಡಿದುಕೊಂಡ. ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. "ಯಕ್ಕಾ, ಅವ್ವಗ ಹೇಳಬ್ಯಾಡ. ಹೆಣ್ಣಿನ ಮನ್ಯಾಗ ಗೊತ್ತಾದ್ರ ಮುಗೀತು. ನಿನ್ನಾಣಿ, ಇನ್ನ ಮುಟ್ಟಂಗಿಲ್ಲ." ನಾನು ಹೂಂ ಅಂದೆ. ಸೊಂಟದ ಮೇಲಿದ್ದ ಕೂಸು ಅವನು, ಇನ್ನೇನು ಹೇಳುತ್ತಿದ್ದೆ?

ಆದರೆ ಒಂದು ನಿಜ ಮುಚ್ಚಿದರೆ ಅದರ ಜಾಗಕ್ಕೆ ಇನ್ನೇನಾದರೂ ಬೇಕಲ್ಲ. ಅವ್ವ ಚಹಾ ಕುಡಿದು ಬಂದು ಏನಂತೆ ಎಂದು ಕೇಳಿದಾಗ ತಮ್ಮ ಗೋಡೆ ನೋಡುತ್ತ, "ಎದಿಯಾಗ ಗಾಳಿ ಸೋರೇತಂತ. ಕಾಲಿನ ಭಾರ ಬಿದ್ದಿತ್ತಲ್ಲ," ಅಂದ. ಅವ್ವ ನನ್ನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವತ್ತು ಬಾಯಿ ಮುಚ್ಚಿದ್ದಕ್ಕೆ ನಾನು ಪಟ್ಟದ್ದು ಅಷ್ಟಿಷ್ಟಲ್ಲ.

ಅವನು ಗುಣವಾಗಿ ಮನೆಗೆ ಬರುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಬೆಳಿಗ್ಗೆ ಪಡಸಾಲೆಗೆ ಜನ ಬರುವುದು ನಿಂತಿತು. ಮೊದಮೊದಲು ಎಲ್ಲರ ಬೆನ್ನೂ ಒಮ್ಮೆಲೇ ನೆಟ್ಟಗಾಯಿತೇ ಎಂದು ನಾನು ಚೇಷ್ಟೆ ಮಾಡಿದೆ. ಕೇಳುವವರು ಇರಲಿಲ್ಲ. ಆಮೇಲೆ ತಿಳಿಯಿತು, ಯರಗುಪ್ಪಿಯಲ್ಲಿ ಕಾಲು ಮುಂದಾಗಿ ಹುಟ್ಟಿದ ಗಂಡಸೊಬ್ಬನಿದ್ದಾನಂತೆ, ಈಗ ಎಲ್ಲರೂ ಟಂಟಂ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕುಪ್ಪಸ ಹೊಲಿಸುವವರು ಬರುತ್ತಿದ್ದರು, ಆದರೆ ಬಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು ಅಳತೆಗೆ ಹಳೆಯ ಕುಪ್ಪಸ ಕೊಟ್ಟು ಹೋಗುತ್ತಿದ್ದರು. ಕೂಸುಗಳನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಹೊರಗಿನವರದು ಬಿಡಿ. ನಾನೂ ಅವ್ವನೂ ಪಡಸಾಲೆಯಲ್ಲಿ ಜೊತೆಗೇ ಹಾಸಿಕೊಳ್ಳುತ್ತಿದ್ದೆವು, ನನಗೆ ತಿಳಿವಳಿಕೆ ಬಂದಾಗಿನಿಂದ. ಒಂದು ಸಂಜೆ ನೋಡಿದರೆ ಅವ್ವ ತನ್ನ ಹಾಸಿಗೆಯನ್ನು ಕಂಬದ ಆಚೆ ಹಾಸಿಕೊಂಡಿದ್ದಳು. "ಸೆಕಿ ಭಾಳ ಆಗ್ತೈತಿ," ಅಂದಳು. ಹೊರಗೆ ಮೋಡವಾಗಿ ತಂಪು ಗಾಳಿ ಬೀಸುತ್ತಿತ್ತು. ನಿದ್ದೆಯಲ್ಲಿ ನನ್ನ ಕಾಲು ತನಗೆ ತಗುಲೀತು ಎಂದು ನನ್ನ ಹೆತ್ತವಳು ಹೆದರಿದ್ದಳು. ಆ ಕಾಲು ಈ ಲೋಕಕ್ಕೆ ಬಂದದ್ದೇ ಅವಳಿಂದ. ನಾನು ಗೋಡೆಯ ಕಡೆ ತಿರುಗಿ, ಕಾಲು ಮಡಚಿಕೊಂಡು ಮಲಗುವುದನ್ನು ಕಲಿತೆ. ನನಗೆ ಬಹಳ ಅಳು ಬರುತ್ತಿತ್ತು, ಅದನ್ನು ಸುತ್ತುಬಳಸಿ ಹೇಳುವುದೇನಿದೆ?

ತಮ್ಮ ಕೆಲವು ದಿನ ಚೆನ್ನಾಗಿದ್ದ. ಉಂಡ, ಮಲಗಿದ, ನನ್ನ ಮಷೀನಿಗೆ ಎಣ್ಣೆ ಹಾಕಿಕೊಟ್ಟ. ಇವನೊಬ್ಬ ಉಳಿದರೆ ಸಾಕು, ಊರು ಹಾಳಾಗಿ ಹೋಗಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಗಣಪತಿ ಹಬ್ಬ ಬಂತು. ಡಾಲ್ಬಿಗೆ ಮತ್ತೆ ಹೋದ. ಹಬ್ಬ ಮುಗಿಯುವಷ್ಟರಲ್ಲಿ ಮತ್ತೆ ಟೆಂಪೊ ತೊಳೆಯುವುದು, ಮತ್ತೆ ರೊಟ್ಟಿ ಮುರಿದು ಬಿಡುವುದು, ಮತ್ತೆ ಆ ಕಟಕಟ. ಹಿತ್ತಲಲ್ಲಿ ಹಿಡಿದು ಕೇಳಿದೆ.

"ಲೇ, ನನ್ನಾಣಿ ಮಾಡಿದ್ದೆಲ್ಲಾ?"

"ಏನೂ ಇಲ್ಲಬೇ. ಅಗದಿ ಕಮ್ಮಿ ಮಾಡೀನಿ."

"ಅವ್ವಗ ಹೇಳ್ತೀನಿ ನೋಡು."

ಅವನು ನಕ್ಕ. "ಹೇಳು. ತನ್ನ ತಪ್ಪ ಮುಚ್ಚಾಕ ತಮ್ಮನ ಮ್ಯಾಲ ಹಾಕ್ತಾಳ ಅಂತಾರ. ನಿನ್ನ ಮಾತ ಯಾರ ನಂಬ್ತಾರಬೇ?"

ಮಾತು ಖರೆಯಾಗಿತ್ತು, ಅದಕ್ಕೇ ಅಷ್ಟು ಚುಚ್ಚಿತು. ಡಾಕ್ಟರಮ್ಮ ಹೇಳಿದ 'ಇನ್ನೊಂದ್ಸಲ' ಎಂಬುದು ನನ್ನ ಕಿವಿಯಲ್ಲೇ ಕುಳಿತಿತ್ತು. ಅವನು ಮಲಗಿದಾಗ ಹೋಗಿ ಎದೆ ಏರಿಳಿಯುತ್ತದೋ ಇಲ್ಲವೋ ನೋಡಿ ಬರುತ್ತಿದ್ದೆ. ಹೇಳಿದರೆ ಅವನು ಕೈಬಿಟ್ಟು ಹೋಗುತ್ತಾನೆ, ಹೇಳದಿದ್ದರೆ ಜೀವ ಹೋಗುತ್ತದೆ. ಇದನ್ನು ಒಬ್ಬಳೇ ತೂಗುತ್ತ ಮಷೀನು ತುಳಿಯುತ್ತಿದ್ದೆ.

ಹಿಂಗಾರಿಯ ಕಡಲೆ ಬಿತ್ತುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಎದುರುಮನೆಯ ಮುಂದೆ ಟಂಟಂ ಬಂದು ನಿಂತಿತು. ಆ ಮನೆಯ ಮಗನೂ ಡಾಲ್ಬಿಯ ಜೊತೆಗಾರ. ಇಬ್ಬರು ರಟ್ಟೆ ಹಿಡಿದು ಅವನನ್ನು ಹೊರಗೆ ತಂದರು. ಅವನ ತಾಯಿ ನೀರಿನ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದಳು. "ಎದಿಯಾಗ ಚಳಕ ಹಿಡದೈತಿ, ಯರಗುಪ್ಪಿಗೆ ಒಯ್ಯಾಕತ್ತೇವಿ," ಎಂದು ಯಾರಿಗೋ ಹೇಳುತ್ತಿದ್ದಳು. ಹುಡುಗ ಏನೋ ಅಂದ. ಆ ಧ್ವನಿ ಮೂಗು ಹಿಡಿದು ಮಾತಾಡಿದಂತಿತ್ತು.

ನಾನು ಕತ್ತರಿ ಕೈಯಲ್ಲಿ ಇರುವಂತೆಯೇ ಓಡಿದೆ. ಟಂಟಂ ಮುಂದೆ ಹೋಗಿ ನಿಂತೆ. "ಯರಗುಪ್ಪಿಗೆ ಒಯ್ಯಬ್ಯಾಡ್ರಿ. ಹುಬ್ಬಳ್ಳಿಗೆ ನಡೀರಿ. ಇದು ಚಳಕ ಅಲ್ಲ."

"ಸರೀಬೇ ಆ ಕಡೆ. ನಿನ್ನ ತಮ್ಮನ ಎದಿ ಒಡದದ್ದು ಸಾಲಲಿಲ್ಲೇನು?" ಅಂದಳು ತಾಯಿ.

ನಾನು ಕತ್ತರಿ ಬಿಸಾಕಿ ಒಳಗೆ ಬಗ್ಗಿ ಹುಡುಗನ ಕುತ್ತಿಗೆಯ ಮೇಲೆ ಬೆರಳು ಇಟ್ಟೆ. ಅದೇ ಚುರುಚುರು. ತಾಯಿ ನನ್ನ ಸೆರಗು ಹಿಡಿದು ಎಳೆದಳು. "ಮುಟ್ಟಬ್ಯಾಡ ನಮ್ಮವ್ವಾ, ನಿನಗ ಕೈ ಮುಗೀತೀನಿ, ಮುಟ್ಟಬ್ಯಾಡ!" ಎಂದು ಅಳತೊಡಗಿದಳು. ಓಣಿಯೆಲ್ಲ ನೆರೆದಿತ್ತು. ನಮ್ಮ ಅವ್ವ ಬಾಗಿಲಿಗೆ ಬಂದಿದ್ದಳು. ತಮ್ಮ ಬೈಕಿನ ಮೇಲೆ ಒಂದು ಕಾಲು ನೆಲಕ್ಕೂರಿ ನಿಂತಿದ್ದ, ನನ್ನನ್ನೇ ನೋಡುತ್ತಿದ್ದ. ತಲೆಯನ್ನು ಚೂರೇ ಚೂರು ಅಲ್ಲಾಡಿಸಿದ, ಬೇಡ ಎಂದು.

"ಇವ್ರು ಪುಡಿ ಹೊಗಿ ಎಳೀತಾರ," ಅಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿತು. "ಎಳದು ಎದಿಯಾಗ ಹಿಡದಿಡತಾರ. ಅದಕ್ಕ ಒಳಗ ಗಾಳಿ ಸೋರತೈತಿ. ನನ್ನ ತಮ್ಮಗೂ ಅದ ಆಗಿತ್ತು. ನನ್ನ ಕಾಲಿಂದ ಅಲ್ಲ. ಡಾಕ್ಟರ ಮುಂದ ಅವನ ಬಾಯಿಲೆ ಹೇಳ್ಯಾನ, ನಾ ಅಲ್ಲೇ ಇದ್ದೆ. ಇವನ್ನೂ ಡಾಕ್ಟರ ಕಡೆ ಒಯ್ರಿ, ಏನ ಎಳದಾನ ಅಂತ ಹೇಳ್ರಿ, ಮುಚ್ಚಬ್ಯಾಡ್ರಿ."

"ಸುಳ್ಳ ಹೇಳ್ತಾಳ," ಅಂದ ತಮ್ಮ.

ಆಗ ಟಂಟಂ ಒಳಗಿನ ಹುಡುಗ ತಾಯಿಯ ಕೈ ಹಿಡಿದು, ಒಂದೊಂದೇ ಮಾತಿಗೆ ಉಸಿರು ಹುಡುಕುತ್ತ, "ಖರೇ ಐತಿ ಯವ್ವಾ. ಹುಬ್ಬಳ್ಳಿಗೆ ಒಯ್ಯು," ಅಂದ. ಟಂಟಂ ಹುಬ್ಬಳ್ಳಿಯ ಕಡೆಗೆ ತಿರುಗಿತು. ಹುಡುಗ ಉಳಿದ. ಎದೆಗೆ ನಳಿಗೆ ಹಾಕಬೇಕಾಯಿತಂತೆ, ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ. ಇದನ್ನು ಅವನ ತಾಯಿ ನನಗೆ ಬಂದು ಹೇಳಲಿಲ್ಲ. ಬೇರೆಯವರ ಬಾಯಿಂದ ಕೇಳಿದೆ.

ಅವತ್ತಿನಿಂದ ತಮ್ಮ ನನ್ನ ಜೊತೆ ಮಾತಾಡಿಲ್ಲ. ದುಮ್ಮವಾಡದವರು ಸಂಬಂಧ ಬೇಡ ಎಂದು ಹೇಳಿ ಕಳಿಸಿದರು. ಸೋದರಮಾವ ಬಂದು ಅವನನ್ನು ಧಾರವಾಡದ ಬಿಡಿಸುವ ಕೇಂದ್ರಕ್ಕೆ ಸೇರಿಸಿದ. ಅವ್ವ ನನಗೆ ಬೈಯಲಿಲ್ಲ. "ಮನ್ಯಾಗ ಹೇಳಬಹುದಿತ್ತು, ಓಣ್ಯಾಗ ಹೇಳಬಾರದಿತ್ತು," ಎಂದಷ್ಟೇ ಅಂದಳು, ಹಾಸಿಗೆ ಮಾತ್ರ ಕಂಬದ ಆಚೆಯೇ ಉಳಿಯಿತು. ಈಗ ಹೆದರಿಕೆಯಿಂದಲ್ಲ, ಆ ಮುನಿಸಿಗೆ. ನನ್ನ ಕಾಲು ತಪ್ಪು ಮಾಡಿಲ್ಲ ಎಂದು ಊರಿಗೆ ತಿಳಿಯಿತು, ಆದರೂ ಪಡಸಾಲೆಗೆ ಯಾರೂ ಮರಳಲಿಲ್ಲ. ಮಗನಿದ್ದ ಮನೆಗಳಿಗೆಲ್ಲ ಈಗ ನನ್ನ ಕಾಲಿನ ಹೆದರಿಕೆ ಹೋಗಿ ಬಾಯಿಯ ಹೆದರಿಕೆ ಹಿಡಿದಿದೆ.

ಕೇಂದ್ರದಲ್ಲಿ ಮನೆಯವರು ಭೇಟಿಯಾಗಲು ಭಾನುವಾರ ಬಿಡುತ್ತಾರೆ. ಅವ್ವನಿಗೆ ಅಲ್ಲಿಗೆ ಬರಲು ಮನಸ್ಸಿಲ್ಲ. ಮಗನನ್ನು ಆ ಜಾಗದಲ್ಲಿ ನೋಡಲಾರೆ ಅನ್ನುತ್ತಾಳೆ. ನಾನು ಹೋಗುತ್ತೇನೆ. ಮೊದಲ ಸಲ ಶೇಂಗಾದ ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಕೆಲಸದವನು ಒಳಗೆ ಹೋಗಿ ಬಂದು, "ಬರಂಗಿಲ್ಲ ಅಂತಾರ್ರಿ. ಇದೂ ಬ್ಯಾಡಂತ್ರಿ," ಎಂದು ಡಬ್ಬಿಯನ್ನು ತಿರುಗಿ ಕೈಗೆ ಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಆಮೇಲಿನ ಭಾನುವಾರವೂ ಹಾಗೇ ಆಯಿತು.

ಹೋದ ಭಾನುವಾರ ಮತ್ತೆ ಹೋಳಿಗೆಯ ಡಬ್ಬಿ ಕಟ್ಟಿಕೊಂಡು ಹೋದೆ. ಅದೇ ಮನುಷ್ಯ ಬಾಗಿಲಲ್ಲಿದ್ದ. ಪಾಪ, ನನ್ನನ್ನು ನೋಡಿ ಅವನಿಗೇ ಸಂಕಟ.

"ಕರೀಬ್ಯಾಡ್ರಿ," ಅಂದೆ. "ಒಂದ ಮಾತ ಹೇಳ್ರಿ ಸಾಕು. ಉಸಿರಾಡಾಕ ತ್ರಾಸ ಐತೇನ್ರಿ?"

"ಇಲ್ರಿ. ಮುಂಜಾನೆ ಅಂಗಳದಾಗ ಎಲ್ಲಾರಗಿಂತ ಮುಂದ ಓಡತಾರ್ರಿ."

"ಊಟಾ?"

"ಮಾಡತಾರ್ರಿ. ಈಗ ಚಲೋ ಮಾಡತಾರ."

ನಾನು ಡಬ್ಬಿ ಅವನ ಕೈಗೆ ಕೊಟ್ಟೆ. "ಅಕ್ಕ ಬಂದಿದ್ಲು ಅನಬ್ಯಾಡ್ರಿ. ಅವ್ವ ಮಾಡಿ ಯಾರ ಕೈಯಾಗೋ ಕಳಿಸ್ಯಾಳ ಅನ್ರಿ."

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತೆ. ಬಹಳ ಹೊತ್ತಾದ ಮೇಲೆ ಅವನು ಡಬ್ಬಿ ತಂದುಕೊಟ್ಟ. ಖಾಲಿಯಾಗಿತ್ತು. ತಮ್ಮ ತೊಳೆದು ಕಳಿಸಿದ್ದ.

"ಅವ್ವನ ಕೈ ರುಚಿ ಇನ್ನೂ ಹಂಗ ಐತಿ ಅಂದ್ರು," ಎಂದು ಆ ಮನುಷ್ಯ ಹೇಳಿದ.